ಸೊನ್ನೆ ಡಿಗ್ರಿಯ ಲೋಡು

ಗಾಡಿಯಲ್ಲಿ ಇದ್ದದ್ದು ಮೀನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚೆಕ್‌ಪೋಸ್ಟಿನಲ್ಲಿ, ಹೋಟೆಲಿನಲ್ಲಿ, ಎಲ್ಲ ಕಡೆ ಅದೇ ಪ್ರಶ್ನೆ ಕೇಳಿಸಿಕೊಂಡು ನನಗೆ ಸಾಕಾಗಿತ್ತು. ಭೂಮಿಯ ದಕ್ಷಿಣ ತುದಿಯ ಹಿಮದ ಸಮುದ್ರದಲ್ಲಿ, ತಳದ ಕಲ್ಲು ಕೆಸರಿನ ಮೇಲೆ ಬದುಕುವ ಪ್ರಾಣಿಗಳು ಅವು. ಹಡಗಿನಲ್ಲಿ ಗೋವಾಕ್ಕೆ ಬಂದಿದ್ದವು. ಅಲ್ಲಿಂದ ಮೈಸೂರು ಕಡೆಯ ಒಂದು ಲ್ಯಾಬಿಗೆ ಜೀವಂತ ಮುಟ್ಟಿಸಬೇಕಾಗಿತ್ತು. ಡ್ರೈವರ್ ನಾನು. ಜೊತೆಗೆ ಆ ಪ್ರಾಣಿಗಳನ್ನು ತಾವೇ ಹೋಗಿ ಹಿಡಿದು ತಂದಿದ್ದ ವಿಜ್ಞಾನಿ, ಒಬ್ಬರು ಮೇಡಂ.

ನಾನು ಮೀನು ಸಾಗಿಸಿದ್ದೇನೆ, ಹಾಲು ಸಾಗಿಸಿದ್ದೇನೆ, ಐಸ್‌ಕ್ರೀಮೂ ಸಾಗಿಸಿದ್ದೇನೆ. ಐಸ್‌ಕ್ರೀಮ್ ಕರಗಿದರೆ ಕಾಣುತ್ತದೆ. ಮೀನು ಕೆಟ್ಟರೆ ನಾರುತ್ತದೆ. ಇವು ಸತ್ತರೆ ಗೊತ್ತೇ ಆಗುವುದಿಲ್ಲ. ಬದುಕಿದ್ದಾಗಲೂ ಅಲುಗಾಡುವುದಿಲ್ಲ, ಸತ್ತಮೇಲೂ ಅಲುಗಾಡುವುದಿಲ್ಲ.

ಗಾಡಿಗೆ ತನ್ನದೇ ಕೂಲಿಂಗ್ ಇರಲಿಲ್ಲ. ದಪ್ಪ ಗೋಡೆಯ ಪೆಟ್ಟಿಗೆ ಅಷ್ಟೆ. ಒಳಗೆ ಸಮುದ್ರದ ನೀರಿನ ಒಂದು ತೊಟ್ಟಿ. ತೊಟ್ಟಿಯ ಮೇಲಂಚಿನಲ್ಲಿ ಒಂದು ಕಿಂಡಿ. ನೀರು ಆ ಕಿಂಡಿಯಿಂದ ಇಳಿದು, ಜಾಲರಿ ದಾಟಿ, ಪಂಪಿನಿಂದ ಚಿಲ್ಲರಿಗೆ ಹೋಗಿ, ತಣ್ಣಗಾಗಿ ವಾಪಸು ತೊಟ್ಟಿಗೆ ಬೀಳುತ್ತದೆ. ಚಿಲ್ಲರ್ ಓಡುವುದು ಜನರೇಟರಿನಲ್ಲಿ. ನೀರು ಯಾವಾಗಲೂ ಸೊನ್ನೆ ಡಿಗ್ರಿಯ ಆಚೀಚೆ ಇರಬೇಕು. ಉಪ್ಪು ನೀರಾದ್ದರಿಂದ ಸೊನ್ನೆಯಲ್ಲೂ ಹೆಪ್ಪುಗಟ್ಟುವುದಿಲ್ಲ. ನನ್ನ ಕಣ್ಣ ಮುಂದೆ, ಸ್ಟೇರಿಂಗ್ ಪಕ್ಕ, ತೊಟ್ಟಿಯ ಡಿಗ್ರಿ ತೋರಿಸುವ ಒಂದು ಡಿಸ್‌ಪ್ಲೇ ಅಂಟಿಸಿದ್ದರು.

ಆ ಪ್ರಾಣಿಗಳ ಹೆಸರು ಮೇಡಂ ಹೇಳಿದರು. ನನ್ನ ನಾಲಗೆ ತಿರುಗಲಿಲ್ಲ. ನಾನೇ ಹೆಸರಿಟ್ಟುಕೊಂಡೆ. ಕಲ್ಲಿಗೆ ಅಂಟಿಕೊಂಡಿರುವ, ಬೋರಲು ಹಾಕಿದ ಬಟ್ಟಲಿನಂಥವು ಬಟ್ಟಲು. ಕೆಸರಿನಲ್ಲಿ ಹೂತುಕೊಳ್ಳುವ ಎರಡು ಹೋಳಿನವು ಚಿಪ್ಪು. ನಡುವೆ ಅಂಗಿಯ ಗುಂಡಿಯಂಥ ಒಂದು ಬಿಲ್ಲೆ, ಸುತ್ತ ಹಲ್ಲಿಬಾಲದಂಥ ಐದು ಕೈ ಇರುವವು ಐದುಬಾಲ. ಮೇಡಂ ನಕ್ಕರು. ಆಮೇಲೆ ಅವರೂ ಹಾಗೇ ಕರೆಯತೊಡಗಿದರು.

"ಅಲ್ಲಿ ತಳದ ನೀರು ವರ್ಷಪೂರ್ತಿ ಹೆಚ್ಚುಕಮ್ಮಿ ಒಂದೇ ತಂಪು," ಅಂದರು. "ನಮಗೆ ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಬನಿಯನ್. ಅವಕ್ಕೆ ಆ ಅಭ್ಯಾಸಾನೇ ಇಲ್ಲ. ಈಗ ಅಲ್ಲೂ ಕೆಲವು ಕಡೆ ನೀರು ಬಿಸಿಯಾಗ್ತಿದೆ. ನಿಧಾನಕ್ಕೆ ಬಿಸಿಯಾದರೆ ಕೆಲವು ತಿಂಗಳುಗಟ್ಟಲೆ ತಗೊಂಡು ಹೊಂದಿಕೊಳ್ತವೆ. ಕೆಲವಕ್ಕೆ ಆಗಲ್ಲ. ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ, ಅದನ್ನ ನೋಡೋದೇ ನಮ್ಮ ಕೆಲಸ."

"ಗಾಡೀಲೇ ಬಿಸಿ ಆಯ್ತು ಅಂದ್ರೆ?"

"ಒಂದು ಮಧ್ಯಾಹ್ನದಲ್ಲಿ ಯಾರು ಹೊಂದಿಕೊಳ್ತಾರೆ?"

ಹೊರಡುವ ಮೊದಲು ಗೋವಾದಲ್ಲೇ ಆರೋಗ್ಯ ನೋಡುವ ಒಂದು ಕ್ರಮವನ್ನೂ ತೋರಿಸಿದರು. ಬಟ್ಟಲನ್ನು ಕಲ್ಲಿನಿಂದ ಬಿಡಿಸಿ ಅಂಗಾತ ಮಲಗಿಸಿದರು. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ದಪ್ಪ ನಾಲಗೆಯಂಥ ಪಾದ ಹೊರಗೆ ಬಂತು. ತಿರುಚಿಕೊಂಡಿತು. ನೆಲ ಹಿಡಿಯಿತು. ಮೈ ಎಳೆದುಕೊಂಡು ಮಗುಚಿತು. ನೀರು ಬಿಸಿಯಾದರೆ ಜೀವ ಇರುತ್ತದೆ, ಮಗುಚಿಕೊಳ್ಳುವ ತ್ರಾಣ ಇರುವುದಿಲ್ಲವಂತೆ. ಬಿಸಿ ನೀರಿನಲ್ಲಿ ಗಾಳಿ ಕಡಿಮೆ ನಿಲ್ಲುತ್ತದೆ, ಮೈಗೆ ಮಾತ್ರ ಹೆಚ್ಚು ಬೇಕಾಗುತ್ತದೆ. ಸಮುದ್ರದಲ್ಲಿ ಹಾಗೆ ಅಂಗಾತ ಬಿದ್ದದ್ದನ್ನು ಯಾವುದೋ ತಿಂದುಹಾಕುತ್ತದೆ. "ಸಾಯೋದಕ್ಕೆ ಮುಂಚೆ ಸೋಲ್ತವೆ," ಅಂದರು ಮೇಡಂ.

ಘಟ್ಟದ ದೊಡ್ಡ ರಸ್ತೆಯಲ್ಲಿ ರಿಪೇರಿ ನಡೆದಿತ್ತು. ಶಿರಸಿ, ಸೊರಬ, ಶಿಕಾರಿಪುರದ ಮೇಲೆ ಹೋಗುವ ದಾರಿ ಹಿಡಿದೆ. ನನ್ನದೇ ಊರ ಕಡೆಯ ದಾರಿ. ಹೊಸಬಾಳೆ ಕ್ರಾಸಿನಲ್ಲಿ ಚಿಕ್ಕಮ್ಮ ಮಂಡಕ್ಕಿ ಚೀಲ ಹಿಡಿದು ನಿಂತಿದ್ದಳು. ಈ ದಾರಿಯಲ್ಲಿ ಬರುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದೆ. ಗಾಡಿ ನಿಂತ ಕಡೆಯಲ್ಲೆಲ್ಲ ಮೇಡಂ ಹಿಂದಿನ ಬಾಗಿಲು ತೆಗೆದು ತೊಟ್ಟಿ ನೋಡುತ್ತಿದ್ದರು. ಅಲ್ಲೂ ನೋಡಿದರು. ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿಕೊಂಡು ಗಾಡಿ ಹತ್ತಿಯೇಬಿಟ್ಟಳು.

"ಎಂತ ಮೀನೋ ಇದು? ಅಲುಗಾಡೂದೇ ಇಲ್ಲ."

"ಮೀನಲ್ಲ ಚಿಕ್ಕಮ್ಮ."

"ನೀರಲ್ಲಿ ಇರೂದು ಮೀನಲ್ದೆ ಮತ್ತೆಂತ, ಎಮ್ಮೆಯೇನ?"

ಮೇಡಂ ಜೋರಾಗಿ ನಕ್ಕರು. "ನೋಡಿ ಅಮ್ಮ, ಪರವಾಗಿಲ್ಲ," ಅಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಚಿಕ್ಕಮ್ಮ ಬಗ್ಗಿ ನೋಡಿದಳು. "ಪಾಪ, ಎಷ್ಟು ದೂರದಿಂದ ಬಂದಾವೋ. ಹಸ್ಕಂಡಿರ್ತಾವೆ," ಅಂದವಳೇ ಚೀಲಕ್ಕೆ ಕೈಹಾಕಿ ಎರಡು ಬೊಗಸೆ ಮಂಡಕ್ಕಿ ತೊಟ್ಟಿಗೆ ಎರಚಿದಳು.

ನಮ್ಮ ಕಡೆ ದೇವಸ್ಥಾನದ ಹೊಂಡದಲ್ಲಿ ಮೀನು ಕಂಡರೆ ಮಂಡಕ್ಕಿ ಹಾಕದೆ ಯಾರೂ ಬರುವುದಿಲ್ಲ. ಕೈ ಮುಗಿದಷ್ಟೇ ಸಹಜ ಅದು. ನನ್ನ ಕೈಯಲ್ಲಿ ಚೀಲ ಇದ್ದಿದ್ದರೆ ಬಹುಶಃ ನಾನೂ ಹಾಕುತ್ತಿದ್ದೆ.

ಮೇಡಂ ನಗು ನಿಂತಿತು. "ಅಯ್ಯೋ ಬೇಡ ಬೇಡ!" ಅಂದು ಬಲೆ ತಗೊಂಡು ತೇಲುತ್ತಿದ್ದದ್ದನ್ನು ಬಾಚಿ ತೆಗೆದರು. ಚಿಕ್ಕಮ್ಮನ ಮುಖ ಸಣ್ಣದಾಯಿತು. "ತಿನ್ನೂದಿಲ್ವನ?" ಅಂದಳು. ಮೇಡಂ ಅವಳ ಕೈ ಹಿಡಿದು, "ಇಲ್ಲ ಅಮ್ಮ, ಇವು ತಿಂಗಳಿಗೊಂದು ಸಲ ತಿಂದ್ರೂ ಬದುಕ್ತವೆ," ಅಂದರು. ನೀರಿನ ಮೇಲೆ ಬಿಳಿ ಒಂದೂ ಕಾಣಲಿಲ್ಲ. ಎಲ್ಲ ತೆಗೆದೆವು ಅಂದುಕೊಂಡೆವು. ತೇಲಿದ್ದು ಮೊದಲು ಹೋಗುವುದು ಆ ಮೇಲಂಚಿನ ಕಿಂಡಿಗೇ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬಂದಳಿಕೆಗೆ ತಿರುಗುವ ದಾರಿ ದಾಟಿದ ಮೇಲೆ ಡಿಸ್‌ಪ್ಲೇ ಕೂಗಿತು. ಸೊನ್ನೆ ಇದ್ದದ್ದು ಒಂದಕ್ಕೆ ಬಂದಿತ್ತು. ನಾನು ನೋಡುತ್ತಿದ್ದಂತೆ ಒಂದರ ಪಕ್ಕದ ಚುಕ್ಕಿಯಾಚೆಯ ಅಂಕಿ ಬದಲಾಯಿತು. ಗಾಡಿಯನ್ನು ಮರದ ನೆರಳಿಗೆ ಹಾಕಿ ಇಳಿದೆ. ಬಿಸಿಲು ಚುರುಚುರು ಅನ್ನುತ್ತಿತ್ತು. ಜನರೇಟರ್ ಓಡುತ್ತಿದೆ. ಪಂಪು ಓಡುತ್ತಿದೆ, ಆದರೆ ಸದ್ದು ಬೇರೆ. ನೀರಿಲ್ಲದೆ ಓಡುವ ಸದ್ದು. ಚಿಲ್ಲರ್ ಮಾತ್ರ ಸುಮ್ಮನಿತ್ತು.

ಜಾಲರಿ ಬಿಚ್ಚಿದೆ. ಒಳಗೆ ಗಂಜಿ. ಮಂಡಕ್ಕಿ ಉಬ್ಬಿ, ಒಂದಕ್ಕೊಂದು ಅಂಟಿ, ಅಂಬಲಿ ಆಗಿ ಕೂತಿತ್ತು. ಮೇಡಂ ನೋಡಿದರು.

ಆದದ್ದು ಇಷ್ಟು. ಜಾಲರಿ ಕಟ್ಟಿಕೊಂಡು ನೀರು ಸಣ್ಣಗಾಗಿದೆ. ಸಣ್ಣಗೆ ಹರಿದ ನೀರು ಚಿಲ್ಲರಿನ ಸುರುಳಿಯಲ್ಲಿ ಹೆಚ್ಚು ಹೊತ್ತು ನಿಂತು, ಉಪ್ಪಿದ್ದರೂ ಹೆಪ್ಪುಗಟ್ಟಿದೆ. ಸುರುಳಿ ಪೂರಾ ಮುಚ್ಚಿಹೋಗಿದೆ. ಚಿಲ್ಲರನ್ನು ನಡೆಸುವ ಕಂಪ್ರೆಸರ್ ಆಮೇಲೂ ಓಡಿ ಓಡಿ ತಾನೇ ಹಿಡಿದುಕೊಂಡಿದೆ. ಜಾಲರಿ ತೊಳೆದು ಹಾಕಿದೆ. ಸುರುಳಿಯ ಹೆಪ್ಪು ಬಿಟ್ಟಿತು. ಕಂಪ್ರೆಸರ್ ಸ್ವಿಚ್ ಹಾಕಿದೆ. ಗುರ್ ಅಂತು, ಟಪ್ ಅಂತ ಬಿತ್ತು. ಮತ್ತೆ ಹಾಕಿದೆ. ಮತ್ತೆ ಬಿತ್ತು. ಮೂರನೇ ಸಲ ಗುರ್ ಕೂಡ ಅನ್ನಲಿಲ್ಲ.

ಹಡಗು ವರ್ಷಕ್ಕೊಂದು ಸಲ ಹೋಗುತ್ತದೆ. ಮೇಡಂ ಒಂದಿಡೀ ಬೇಸಿಗೆ ಹಿಮದಲ್ಲಿ ಕೂತು ಹಿಡಿದ ಪ್ರಾಣಿಗಳು. ಇವು ಹೋದರೆ ಬೇರೆ ಇಲ್ಲ.

ಗಾಡಿಯ ಮಾಲೀಕನಿಗೆ ಫೋನ್ ಮಾಡಿದೆ.

"ಚಿಲ್ಲರ್ ನಮ್ದಲ್ಲ, ಅವರ್ದು. ನೀ ಎಲ್ಲೂ ನಿಲ್ಲಸ್ಬ್ಯಾಡ, ಸೀದಾ ಹೊಡಿ ಮೈಸೂರಿಗೆ. ಸತ್ರೆ ಅಲ್ಲೇ ಸಾಯ್ಲಿ," ಅಂದ.

ಮೇಡಂ ಲ್ಯಾಬಿಗೆ ಫೋನ್ ಮಾಡಿದರು. ಬೇರೆ ಚಿಲ್ಲರ್ ಹೇರಿಕೊಂಡು ಒಂದು ಗಾಡಿ ಹೊರಡುತ್ತದೆ, ಸಂಜೆಗೆ ಎದುರು ಬರುತ್ತದೆ ಅಂದರಂತೆ. ಸಂಜೆವರೆಗೆ? ಡಿಸ್‌ಪ್ಲೇ ಎರಡು ತೋರಿಸುತ್ತಿತ್ತು. ಪಂಪು ನಿಲ್ಲಿಸಿದೆ, ಅದರ ಬಿಸಿಯೂ ನೀರಿಗೇ ಸೇರುತ್ತದೆ. ಗಾಳಿ ಗುಳ್ಳೆ ಬಿಡುವ ಮೋಟಾರು ಮಾತ್ರ ಓಡಲು ಬಿಟ್ಟೆ. ಗೋಣಿಚೀಲ ಒದ್ದೆ ಮಾಡಿ ಗಾಡಿಯ ಮೇಲೆ ಹಾಸಿದೆ.

"ಶಿಕಾರಿಪುರದಲ್ಲಿ ಐಸ್ ಸಿಗ್ತದೆ ಮೇಡಂ. ಐಸ್‌ಕ್ಯಾಂಡಿಯವ್ರು ಮಾಡ್ದಂಗೆ ಐಸಿಗೆ ಉಪ್ಪು ಹಾಕಿ ಸುತ್ತ ತುಂಬಿದ್ರೆ ಗಡಗಡ ಅನ್ನೋವಷ್ಟು ತಂಪಾಗ್ತದೆ."

"ಅದೇ ಭಯ. ಎಷ್ಟು ಕೆಳಗೆ ಹೋಗುತ್ತೆ ಅಂತ ಹಿಡಿತಕ್ಕೆ ಸಿಗಲ್ಲ. ಅಂಚಿನಲ್ಲಿ ನೀರು ಹೆಪ್ಪುಗಟ್ಟಿದ್ರೂ ಸಾವೇ."

ಆಗ ಹಾಲು ನೆನಪಾಯಿತು. ಶಿಕಾರಿಪುರ ದಾಟಿದರೆ ಅಂಜನಾಪುರ ಡ್ಯಾಮಿನ ಹತ್ತಿರ ಒಂದು ಹಾಲು ತಂಪು ಮಾಡುವ ಕೇಂದ್ರ ಇದೆ. ಅಲ್ಲಿಗೆ ನಾನು ಹಾಲಿನ ಗಾಡಿ ಓಡಿಸಿದ್ದೆ. ಅಲ್ಲಿ ಒಂದು ದೊಡ್ಡ ತೊಟ್ಟಿಯಲ್ಲಿ ಕೊಳವೆಗಳ ಸುತ್ತ ಐಸ್ ಕಟ್ಟಿಸಿ, ಆ ಐಸಿನ ನೀರನ್ನು ಹಾಲಿನ ಸುತ್ತ ಓಡಿಸುತ್ತಾರೆ. ಹೇಳಿದೆ. ಮೇಡಂ ಒಂದು ಕ್ಷಣವೂ ಯೋಚಿಸಲಿಲ್ಲ. "ನಡೀರಿ," ಅಂದರು. ಮಾಲೀಕನ ಫೋನ್ ಮತ್ತೆ ಬಂತು. ನಾನು ಎತ್ತಲಿಲ್ಲ.

ಆ ದಾರಿಯಲ್ಲಿ ನಾನು ರಸ್ತೆ ನೋಡಿದ್ದಕ್ಕಿಂತ ಹೆಚ್ಚು ಡಿಸ್‌ಪ್ಲೇ ನೋಡಿದೆ. ಹೊಂಡ ಬಂದರೆ ನಿಧಾನ ಮಾಡಬೇಕು, ನಿಧಾನ ಮಾಡಿದರೆ ಹೊತ್ತಾಗುತ್ತದೆ. ಶಿಕಾರಿಪುರದ ಪೇಟೆಯಲ್ಲಿ ಒಂದು ಟ್ರ್ಯಾಕ್ಟರ್ ಅಡ್ಡ ನಿಂತು ಕಬ್ಬಿನ ಜಲ್ಲೆ ಸರಿಮಾಡಿಕೊಳ್ಳುತ್ತಿತ್ತು. ಹಾರ್ನ್ ಒತ್ತಿ ಒತ್ತಿ ನನ್ನ ಹೆಬ್ಬೆರಳಿಗೆ ನೋವು ಬಂತು. ಮೇಡಂ ಕಣ್ಣು ಮುಚ್ಚಿ ಕೂತಿದ್ದರು. ಅಂಜನಾಪುರ ಮುಟ್ಟುವಾಗ ಡಿಸ್‌ಪ್ಲೇ ನಾಲ್ಕು ಡಿಗ್ರಿ ದಾಟಿತ್ತು.

ಕೇಂದ್ರದ ಉಸ್ತುವಾರಿಯವನು ನನ್ನ ಗುರುತಿನವನು. ಬಾಗಿಲಿಗೇ ಅಡ್ಡ ನಿಂತ.

"ಏನ್ ತಂದೀಯೋ ಮಾರಾಯ? ಮೀನಾ?"

"ಮೀನಲ್ಲ."

"ಮತ್ತ ಹುಳಾನ? ಹಾಲಿನ ಜಾಗ ರೀ ಮೇಡಮ್ಮೋರ ಇದು. ಒಂಚೂರು ವಾಸ್ನಿ ಹತ್ತಿದ್ರ ಇಡೀ ಟ್ಯಾಂಕರ್ ವಾಪಸ್ ಬರ್ತೈತಿ. ನನ್ನ ನೌಕರಿ ಹೊಕ್ಕೈತಿ." ಆಮೇಲೆ ತೊಟ್ಟಿ ಇಣುಕಿ ನೋಡಿ, "ಡ್ಯಾಮಿನ ನೀರು ತಣ್ಣಗ ಐತಲ್ರೀ, ಅದ್ರಾಗ ಬಿಡ್ರಿ, ಆರಾಮ ಇರ್ತಾವು," ಅಂದ.

ಮೇಡಂಗೆ ನಗು ಬರಲಿಲ್ಲ. ಕೈ ಮುಗಿದರು. "ಅಣ್ಣ, ನಿಮ್ಮ ಹಾಲಿನ ಹತ್ತಿರಾನೂ ಬರಲ್ಲ. ಐಸಿನ ನೀರು ಮಾತ್ರ ಪೈಪಿನಲ್ಲಿ ಬಂದು ಪೈಪಿನಲ್ಲೇ ವಾಪಸು ಹೋಗಲಿ. ಇವುಗಳ ನೀರಿಗೆ ಅದು ಸೇರಬಾರದು. ಸಾದಾ ನೀರು ಸೇರಿದ್ರೂ ಇವು ಸಾಯ್ತವೆ."

ಅವನು ತಲೆ ಕೆರೆದುಕೊಂಡ. "ಸಂಜಿ ಹಾಲು ಬರೋತನಕ ಅಷ್ಟ. ಆಮ್ಯಾಲ ಐಸ್ ನನಗ ಬೇಕು," ಅಂದ. ಗಾಡಿಯನ್ನು ಹಿಂದಿನ ಗೋಡೆಗೆ ತಾಗಿಸಿ ನಿಲ್ಲಿಸಿದೆ. ಹಾಲಿನ ಕ್ಯಾನಿನೊಳಗೆ ಇಳಿಬಿಡುವ ಸ್ಟೀಲಿನ ಸುರುಳಿಯೊಂದು ಮೂಲೆಯಲ್ಲಿತ್ತು. ಕೊಟ್ಟ. ಅದನ್ನು ಅವರು ಕಾಸ್ಟಿಕ್ ಸೋಡಾದಲ್ಲಿ, ಆಸಿಡ್ಡಿನಲ್ಲಿ ತೊಳೆಯುತ್ತಾರೆ. ಚೂರು ಉಳಿದಿದ್ದರೂ ತೊಟ್ಟಿಗೆ ವಿಷ. ನಲ್ಲಿ ಬಿಟ್ಟು ತೊಳೆದೆ. ಮೇಡಂ ಒಂದು ಕಾಗದದ ಪಟ್ಟಿ ತಾಗಿಸಿ ಬಣ್ಣ ನೋಡಿದರು. "ಇನ್ನೂ." ಮತ್ತೆ ತೊಳೆದೆ. "ಇನ್ನೂ." ಒಳಗೆ ನೀರು ಬಿಸಿಯಾಗುತ್ತಿದೆ, ಇಲ್ಲಿ ನಾವು ಪಾತ್ರೆ ತೊಳೆಯುತ್ತಿದ್ದೇವೆ. ಬಣ್ಣ ಸರಿಬರುವವರೆಗೆ ಅವರು ಬಿಡಲಿಲ್ಲ.

ಸುರುಳಿಯನ್ನು ತೊಟ್ಟಿಗೆ ಇಳಿಸಿ, ಕಿಟಕಿಯಿಂದ ಪೈಪು ಎಳೆದು, ವಾಲ್ವ್ ಪೂರಾ ತಿರುಗಿಸಿದೆ. ನೀರಿನಿಂದ ಹೊರಗಿದ್ದ ಸ್ಟೀಲಿನ ಮೇಲೆ ಕೂಡಲೇ ಹನಿ ಕೂತಿತು. ಡಿಸ್‌ಪ್ಲೇ ನಾಲ್ಕೂವರೆಯಿಂದ ಇಳಿಯತೊಡಗಿತು. ನಾಲ್ಕಕ್ಕೆ ಬಂತು. ಇನ್ನೂ ಕೆಳಗೆ. ನನಗೆ ಉಸಿರು ಬಂತು. ಹೀಗೇ ಬಿಟ್ಟರೆ ಸಂಜೆ ಹಾಲು ಬರುವ ಹೊತ್ತಿಗೆ ಸೊನ್ನೆ ಹತ್ತಿರ.

"ನಿಲ್ಲಿಸಿ," ಅಂದರು ಮೇಡಂ.

ನನಗೆ ಅರ್ಥವಾಗಲಿಲ್ಲ. "ಇಳೀತಾ ಇದೆ ಮೇಡಂ."

"ಅದಕ್ಕೇ ನಿಲ್ಲಿಸಿ. ಇಲ್ಲೇ ಹಿಡೀಬೇಕು, ನಾಲ್ಕರ ಹತ್ತಿರ."

"ಸೊನ್ನೇಲಿ ಇರ್ಬೇಕು ಅಂತ ನೀವೇ ಹೇಳಿದ್ದು!"

ಅವರು ತೊಟ್ಟಿಯತ್ತ ಬೆರಳು ತೋರಿಸಿದರು. ಒಂದು ಐದುಬಾಲ ತನ್ನ ಎರಡು ಕೈಯನ್ನು ಕಳಚಿ ಹಾಕಿತ್ತು. ಕಳಚಿದ ತುಂಡುಗಳು ತಳದಲ್ಲಿ ತಾವೇ ಹೊರಳುತ್ತಿದ್ದವು. "ತಡೆಯೋಕಾಗದೆ ಇದ್ದಾಗ ಹೀಗೆ ಮಾಡ್ತವೆ," ಅಂದರು. "ಒಂದು ಪೆಟ್ಟು ಆಗಲೇ ತಿಂದಿವೆ. ಮೇಲೆ ಹೋದದ್ದೂ ಪೆಟ್ಟು, ಧಡಕ್ಕನೆ ಕೆಳಗೆ ಇಳಿಸಿದ್ರೆ ಅದು ಇನ್ನೊಂದು ಪೆಟ್ಟು. ಎರಡನೇದನ್ನ ತಡೀತವೋ ಇಲ್ವೋ."

"ಇಲ್ಲೇ ನಿಲ್ಲಿಸಿದ್ರೆ ತಡೀತಾವಾ?"

"ಗೊತ್ತಿಲ್ಲ."

"ಗೊತ್ತಿಲ್ದೆ ನಿಲ್ಲಿಸ್ತೀರಾ?"

"ಗೊತ್ತಿಲ್ಲದೆ ಇಳಿಸೋದಕ್ಕಿಂತ ವಾಸಿ."

ನನ್ನ ಕೈ ವಾಲ್ವಿನ ಮೇಲಿತ್ತು. ಇಳಿಯುವ ಅಂಕಿ ನೋಡುವುದು ಎಷ್ಟು ಸಮಾಧಾನವಾಗಿತ್ತು ಅಂದರೆ, ಅದನ್ನು ನಿಲ್ಲಿಸುವುದು ನನ್ನ ಕೈಯಿಂದಲೇ ಕೊಂದ ಹಾಗೆ ಅನ್ನಿಸಿತು. ಮುಚ್ಚಿದೆ.

ಆಮೇಲೆ ಅದೇ ಕೆಲಸ. ಅಂಕಿ ಏರಿದರೆ ವಾಲ್ವನ್ನು ಕೂದಲೆಳೆಯಷ್ಟು ತೆರೆಯುವುದು. ಇಳಿದರೆ ಮುಚ್ಚುವುದು. ಸುರುಳಿಯ ಹತ್ತಿರದ ನೀರು ಒಂದೇ ಕಡೆ ತಣ್ಣಗಾಗದಂತೆ ಮರದ ಹುಟ್ಟು ಹಾಕಿ ಮೆಲ್ಲಗೆ ಸರಿಸುವುದು. ಮೇಡಂ ಬ್ಯಾಟರಿ ಹಾಕಿ ಒಂದೊಂದನ್ನೇ ನೋಡುತ್ತಿದ್ದರು. ಒಂದು ಚಿಪ್ಪು ಬಾಯಿ ಬಿಟ್ಟಿತ್ತು. ಕಡ್ಡಿ ತಾಗಿಸಿದರು. ಮುಚ್ಚಲಿಲ್ಲ. "ತೆಗೆದುಬಿಡಿ. ಒಂದು ಕೊಳೆತರೆ ಎಲ್ಲದಕ್ಕೂ ಕುತ್ತು." ತೆಗೆದೆ. ಅಂಗೈಯಲ್ಲಿ ಅದು ಐಸಿನ ತುಂಡಿನ ಹಾಗಿತ್ತು. ಇಷ್ಟು ತಣ್ಣಗಿರುವುದು ಸೆಕೆಯಿಂದ ಸತ್ತಿದೆ ಅಂದರೆ ನನ್ನ ತಲೆಗೆ ಹತ್ತಲಿಲ್ಲ. ಆಮೇಲೆ ಇನ್ನೊಂದು ತೆಗೆದೆ. ಉಳಿದ ಚಿಪ್ಪುಗಳು ಬಾಯಿ ಬಿಗಿ ಮುಚ್ಚಿಕೊಂಡಿದ್ದವು. ಅದು ಒಳ್ಳೆಯದೋ ಕೆಟ್ಟದ್ದೋ ಕೇಳಿದೆ. "ಉಸಿರು ಹಿಡಿದುಕೊಂಡು ಕೂತಿವೆ. ಎಷ್ಟು ಹೊತ್ತು ಅಂತ ಅವಕ್ಕೇ ಗೊತ್ತು."

ಹೊತ್ತು ಇಳಿಯುವ ಮೊದಲೇ ಹಾಲಿನ ಗಾಡಿಗಳು ಬಂದವು. ಕ್ಯಾನುಗಳ ಸದ್ದು ಕೇಳಿಸಿತು. ಉಸ್ತುವಾರಿಯವನು ಬಂದು ನಿಂತ.

"ತಪ್ಪು ತಿಳ್ಕೋಬ್ಯಾಡ್ರಿ. ಹಾಲು ಕೆಟ್ರ ಊರಿನ ಮಂದಿ ನನ್ನ ಬಿಡಂಗಿಲ್ಲ."

ಮೇಡಂ ತಲೆ ಆಡಿಸಿದರು. ಚಿಲ್ಲರಿನ ಗಾಡಿ ಶಿವಮೊಗ್ಗ ದಾಟಿದೆ ಅಂತಷ್ಟೇ ಸುದ್ದಿ ಇತ್ತು. ಅವನೇ ವಾಲ್ವ್ ಮುಚ್ಚಿದ. ಪೈಪು ಸಪ್ಪಗಾಯಿತು. ಈಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಆಗ ಮೇಡಂ ತೋಳು ಏರಿಸಿಕೊಂಡರು. ಕಲ್ಲಿನಿಂದ ಆರು ಬಟ್ಟಲು ಬಿಡಿಸಿ, ಒಂದು ತಟ್ಟೆಯಲ್ಲಿ ನೀರಿನೊಳಗೇ ಅಂಗಾತ ಇಟ್ಟರು.

"ಈಗ ಯಾಕೆ ಮೇಡಂ? ಇನ್ನೂ ಸುಸ್ತು ಮಾಡ್ತೀರಾ?"

"ತಿಳ್ಕೊಳ್ಳದೆ ಮುಂದಿನ ಹೆಜ್ಜೆ ಇಡೋಕಾಗಲ್ಲ. ಇವು ಸೋತಿದ್ರೆ ಈ ರಾತ್ರಿ ಇಳಿಸಲ್ಲ, ಇಲ್ಲೇ ಹಿಡಿದುಕೊಂಡು ಹೋಗ್ತೀನಿ."

ನೋಡುತ್ತ ನಿಂತೆವು. ಆರೂ ಆಕಾಶಕ್ಕೆ ಹೊಟ್ಟೆ ಕೊಟ್ಟು ಬಿದ್ದಿದ್ದವು. ಏನೂ ಇಲ್ಲ. ಗೋವಾದಲ್ಲಿ ಇಷ್ಟು ಹೊತ್ತಿಗೆ ಪಾದ ಹೊರಬಂದಿತ್ತು. ಹಾಲು ಅಳೆದು ಮುಗಿಸಿದ ಉಸ್ತುವಾರಿಯವನು ಬಂದು ಇಣುಕಿದ. ಅವನ ಹಿಂದೆ ಹಾಲಿನವರು ಇಬ್ಬರು ಬಂದರು. ಒಬ್ಬ, "ಸತ್ತಾವೇನ್ರೀ?" ಅಂದ. ಡಿಸ್‌ಪ್ಲೇ ನಾಲ್ಕರಿಂದ ಮೇಲೆ ಸರಿಯತೊಡಗಿತ್ತು. ನಾನು ಚಿಕ್ಕಮ್ಮನನ್ನು ನೆನೆಸಿಕೊಂಡೆ. ಅವಳಿಗೆ ಏನು ಹೇಳಲಿ? ಹೊಟ್ಟೆ ತುಂಬಿಸಲು ಹೋಗಿ ನೀನೇ ಕೊಂದೆ ಅನ್ನಲೇ?

"ಅಲ್ಲಿ," ಅಂದ ಉಸ್ತುವಾರಿಯವನು.

ಅಂಚಿನ ಒಂದು ಬಟ್ಟಲು. ಹೊಟ್ಟೆಯ ಮಾಂಸ ಒಂದು ಕಡೆ ದಪ್ಪಗಾಗಿತ್ತು. ನನಗೆ ಭ್ರಮೆ ಅನ್ನಿಸಿತು. ಪಾದ ಸ್ವಲ್ಪ ಹೊರಗೆ ಬಂತು. ಒಳಗೆ ಹೋಯಿತು. ಮತ್ತೆ ಬಂತು. ತಟ್ಟೆಗೆ ತಾಗಿತು, ಜಾರಿತು. ಯಾರೋ ಹಿಂದಿನಿಂದ "ಹಿಡಕೋ ಹಿಡಕೋ" ಅಂದರು, ಕಬಡ್ಡಿ ನೋಡುವವರ ಹಾಗೆ. ಮತ್ತೆ ತಾಗಿತು. ಹಿಡಿಯಿತು. ಮೈಯನ್ನು ಎಳೆದುಕೊಂಡಿತು. ಅರ್ಧ ಎದ್ದು ನಿಂತು ಬಿಟ್ಟಿತು, ಅಲ್ಲೇ ನಿಂತೇ ಇತ್ತು. ಆಮೇಲೆ ಮಗುಚಿ ಬಿತ್ತು, ಸರಿಯಾಗಿ, ಬೋರಲಾಗಿ.

ಉಸ್ತುವಾರಿಯವನು ನಕ್ಕ. "ನಮ್ಮ ಮೇಲಧಿಕಾರಿಗಿಂತ ಚುರುಕ ಐತ್ರೀ ಇದು," ಅಂದ. ಮೇಡಂ ನಗಲೂ ಇಲ್ಲ, ಅಳಲೂ ಇಲ್ಲ. ತೊಟ್ಟಿಯ ಅಂಚಿಗೆ ಹಣೆ ಇಟ್ಟು ನಿಂತರು. ಆರರಲ್ಲಿ ನಾಲ್ಕು ಮಗುಚಿದವು. ಎರಡು ಹಾಗೇ ಬಿದ್ದಿದ್ದವು. ಆ ಎರಡನ್ನು ಮೇಡಂ ತಾವೇ ಕೈಯಿಂದ ಮಗುಚಿ ಕಲ್ಲಿನ ಮೇಲೆ ಕೂರಿಸಿದರು.

ಚಿಲ್ಲರ್ ಬಂತು. ಜೋಡಿಸಿದೆವು. ಮೇಡಂ ಅಂಕಿಯನ್ನು ಎಷ್ಟು ಮೆಲ್ಲಗೆ ಇಳಿಸಿದರೆಂದರೆ, ಮೈಸೂರು ಮುಟ್ಟಿದಾಗಲೂ ಸೊನ್ನೆ ಆಗಿರಲಿಲ್ಲ. ಇಳಿಸಿಕೊಳ್ಳುವಾಗ ನಾನು ಧೈರ್ಯ ಮಾಡಿ ಕೇಳಿದೆ, ಉಳಿದವಾ ಅಂತ. "ಇವತ್ತು ಉಳಿದಿವೆ. ಇವು ನಿಧಾನಕ್ಕೆ ಬದುಕೋವು. ಸಾಯೋದೂ ನಿಧಾನಕ್ಕೇ. ಒಂದು ತಿಂಗಳು ಕಾಯಬೇಕು," ಅಂದರು. ಆ ತಿಂಗಳು ನಾನು ಎಲ್ಲಿ ಗಾಡಿ ಓಡಿಸಿದರೂ ಸ್ಟೇರಿಂಗ್ ಪಕ್ಕ ಕಣ್ಣು ಹೋಗುತ್ತಿತ್ತು. ಅಲ್ಲಿ ಡಿಸ್‌ಪ್ಲೇ ಇರಲಿಲ್ಲ, ಅಂಟಿನ ಕಲೆ ಮಾತ್ರ ಇತ್ತು.

ಆಮೇಲೆ ಮೇಡಂ ಫೋನ್ ಮಾಡಿದರು. ಚಿಪ್ಪುಗಳಲ್ಲಿ ಇನ್ನೂ ಕೆಲವು ಹೋದವಂತೆ. ಬಟ್ಟಲುಗಳು, ಆ ಸೋತ ಎರಡೂ ಸೇರಿ, ಕಲ್ಲು ಹಿಡಿದು ಕೂತಿವೆಯಂತೆ. ಕೈ ಕಳಚಿಕೊಂಡ ಐದುಬಾಲಕ್ಕೆ ಅಲ್ಲೇ ಸಣ್ಣ ಮೊಳಕೆ ಕಾಣುತ್ತಿದೆಯಂತೆ. ಆದರೆ ಪೆಟ್ಟು ತಿಂದ ಪ್ರಾಣಿಗಳ ಲೆಕ್ಕವನ್ನು ಮೊದಲು ಅಂದುಕೊಂಡ ಕೆಲಸಕ್ಕೆ ಹಿಡಿಯಲು ಬರುವುದಿಲ್ಲ, ಆ ಕೆಲಸಕ್ಕೆ ಇನ್ನೊಮ್ಮೆ ಹಡಗು ಹತ್ತಬೇಕು ಅಂದರು. ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ.

ಹೊಸಬಾಳೆಗೆ ಹೋದಾಗ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ, ಮಂಡಕ್ಕಿಯದ್ದೂ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಅವಳು ಒಲೆ ಮುಂದೆ ಕೂತು ಕೊಳ್ಳಿಯನ್ನು ಒಳಗೆ ತಳ್ಳಿದಳು. ಆಮೇಲೆ ಕೇಳಿದಳು.

"ಆ ಹುಡ್ಗಿ ಮತ್ತೆ ಈ ದಾರೀಲೇ ಬರ್ತಾಳನ?"

"ಬರ್ಬಹುದು, ಮುಂದಿನ ಹಡಗಿಗೆ."

"ಹಂಗಾರೆ ಕೇಳಿಡು. ಅವಕ್ಕೆ ಎಂತ ಕೊಡ್ಬೇಕು ಅಂತ."

"ಕೇಳಿದ್ದೆ ಚಿಕ್ಕಮ್ಮ."

"ಎಂತ ಅಂದ್ಲು?"

"ಪುರುಸೊತ್ತು."